ಬಾಗುವ ಕೋಲಿಗೆ ಗಂಟು ಕಟ್ಟಬೇಡಿ

ಮಳೆಗಾಲ ಹಿಂದೆ ಸರಿದಿತ್ತು. ನೆಲ ಆರಿ ಗಟ್ಟಿಯಾಗಿತ್ತು. ಹೊಲದ ಪೈರು ಹಸಿರು ಬಿಟ್ಟು ಹೊಂಬಣ್ಣಕ್ಕೆ ತಿರುಗುತ್ತಿತ್ತು. ಕೊಯ್ಲಿನ ಕಾಳು ಬರುವುದರೊಳಗೆ ಊರಂಚಿನ ಹೊಸ ಉಗ್ರಾಣದ ಗೋಡೆಗೆ ಗಾರೆ ಮುಗಿಯಬೇಕೆಂದು ಬೆಳಗಿನಿಂದಲೇ ಕೆಲಸ ಭರದಿಂದ ಸಾಗಿತ್ತು. ಕೆಳಗೆ ಗಾರೆ ಕಲಸುವ ಸಲಿಕೆಯ ಸದ್ದು, ಮೇಲೆ ಬಕೆಟ್ ಎಳೆಯುವ ರಾಟೆಯ ಕಿರಕಿರ. ಗೋಡೆಯ ಸುತ್ತ ಬಿದಿರು ಗಳಗಳನ್ನು ನಿಲ್ಲಿಸಿ, ಅಡ್ಡಡ್ಡ ಬಿಗಿದು ಕಟ್ಟಿದ ಸಾರುವೆ. ಅದರ ಹಲಗೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಹಗ್ಗದ ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆಯುತ್ತಿದ್ದವನು ಗಂಟಣ್ಣ.

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಸಾರುವೆ ಕಟ್ಟುವ ಕೆಲಸದಲ್ಲಿ ಅವನ ಗಂಟು ಜಾರಿದ್ದನ್ನು ಕಂಡವರಿಲ್ಲ. ಹಾಗಾಗಿ ಊರು ಕೊಟ್ಟ ಹೆಸರೇ ನಿಂತಿತು. ಬಿರುಕು ಬಿಟ್ಟ ಗಳವನ್ನು ಬೇರೆಯವರು ಒಲೆಗೆ ಹಾಕಿದರೆ ಗಂಟಣ್ಣ ಅದಕ್ಕೆ ಒದ್ದೆ ಹಗ್ಗ ಸುತ್ತಿ ಬಿಸಿಲಿಗಿಡುತ್ತಿದ್ದ. ಹಗ್ಗ ಒಣಗುತ್ತ ಒಣಗುತ್ತ ಗಳವನ್ನು ಹಿಡಿದು ಹಿಂಡುತ್ತಿತ್ತು. "ಮೊದಲಿಗಿಂತ ಈಗಲೇ ಗಟ್ಟಿ," ಎನ್ನುತ್ತಿದ್ದ. ಅದು ಸುಳ್ಳೂ ಆಗಿರಲಿಲ್ಲ.

ಉಗ್ರಾಣದ ಪಕ್ಕದಲ್ಲೇ ಶಾಲೆಯ ಮೈದಾನ. ಸಾರುವೆಯ ಮೇಲೆ ಕೂತರೆ ಮೈದಾನವೆಲ್ಲ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತಿತ್ತು. ಅಲ್ಲಿ ಅವನ ಮಗಳು ಕೋಲು ಜಿಗಿತ ಕಲಿಯುತ್ತಿದ್ದಳು. ಪತ್ರಿಕೆಯವರು ಪೋಲ್‌ವಾಲ್ಟ್ ಅನ್ನುತ್ತಾರಲ್ಲ, ಅದೇ. ಉದ್ದನೆಯ ಫೈಬರ್ ಕೋಲು ಹಿಡಿದು ಓಡಿ ಬರಬೇಕು, ಕೊನೆಯಲ್ಲಿರುವ ಗುಂಡಿಗೆ ಕೋಲಿನ ತುದಿ ಊರಬೇಕು. ಕೋಲು ಬಿಲ್ಲಿನ ಹಾಗೆ ಬಾಗಿ, ಮತ್ತೆ ನೆಟ್ಟಗಾಗುವಾಗ ಆಳನ್ನು ಮೇಲಕ್ಕೆ ಎಸೆಯುತ್ತದೆ. ಅಡ್ಡಪಟ್ಟಿಯನ್ನು ದಾಟಿ ಆಚೆಯ ದಪ್ಪ ಮೆತ್ತೆಯ ಮೇಲೆ ಬೀಳಬೇಕು. ಸಣ್ಣವಳಿದ್ದಾಗ ಕಾಲುವೆ, ಬೇಲಿ, ಮಲಗಿದ ಎಮ್ಮೆ ಏನನ್ನೂ ಸುತ್ತಿ ಹೋದವಳಲ್ಲ, ಹಾರಿಯೇ ಹೋದವಳು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಮಿಡತೆ.

ಮಿಡತೆಯ ಅಭ್ಯಾಸದ ಹೊತ್ತಿಗೆ ಸರಿಯಾಗಿ ಗಂಟಣ್ಣನಿಗೆ ಕೆಳಗಿನ ಹಲಗೆಯಲ್ಲೇ ಏನೋ ಕೆಲಸ ಬೀಳುತ್ತಿತ್ತು. ಅಲ್ಲಿ ಕೂತರೆ, ಅವಳು ಪಟ್ಟಿ ದಾಟುವ ಆ ಒಂದು ಚಿಟಿಕೆಯ ಹೊತ್ತು ಅವಳ ಮುಖ ಅವನ ಮುಖದ ಮಟ್ಟಕ್ಕೆ ಬರುತ್ತಿತ್ತು.

"ನೋಡ್ರಪ್ಪ, ನಾನು ಏಣಿ ಹತ್ತಿ ಇಲ್ಲಿಗೆ ಬರ್ತೀನಿ. ನನ್ನ ಮಗಳು ನೆಲದಿಂದ ಸೀದಾ ಬರ್ತಾಳೆ," ಎಂದು ಸುತ್ತಲಿನವರಿಗೆ ಹೇಳುವನು.

ಕೆಳಗೆ ಗಾರೆ ಕಲಸುತ್ತಿದ್ದ ಹೆಂಡತಿ ತಲೆ ಎತ್ತದೆ ಹೇಳುವಳು: "ಬಂದಾಗ ಒಂದು ಬಕೆಟ್ ಗಾರೆ ಕೊಟ್ಟು ಕಳಿಸಲಾ ರೀ? ರಾಟೆ ಎಳೆಯೋ ಕಷ್ಟ ತಪ್ಪುತ್ತೆ."

ಸುತ್ತಲಿನ ಊರುಗಳ ಶಾಲೆಗಳೆಲ್ಲ ಸೇರುವ ಕ್ರೀಡಾಕೂಟ ಈ ಸಲ ಇದೇ ಮೈದಾನದಲ್ಲಿ ನಡೆಯುವುದಿತ್ತು. ಇನ್ನು ಸ್ವಲ್ಪವೇ ದಿನ. ಮಿಡತೆಯ ಕೈಯಲ್ಲಿದ್ದ ಕೋಲು ಅವಳದಲ್ಲ, ಊರಿಗೆ ಅಂಚೆ ಹಂಚುವ ಹುಡುಗಿಯದು. ಅವಳನ್ನು ಎಲ್ಲರೂ ಅಂಚೆಯಕ್ಕ ಅನ್ನುತ್ತಿದ್ದರು. ಹಿಂದೆ ಇದೇ ಮೈದಾನದಲ್ಲಿ ಹಾರಿ ಹೆಸರು ಮಾಡಿದವಳು. ಅವಳು ಬೆಳೆದು ಮೈತೂಕ ಹೆಚ್ಚಿದ ಮೇಲೆ ಆ ಕೋಲು ಅವಳಿಗೆ ಸಲ್ಲದಾಯಿತು. "ನಿನ್ನ ಕೈಲಿರಲಿ, ಹುಷಾರಾಗಿ ನೋಡ್ಕೋ," ಎಂದು ಮಿಡತೆಗೆ ಕೊಟ್ಟಿದ್ದಳು.

ಅಂದು ಶನಿವಾರ, ಶಾಲೆ ಅರ್ಧ ದಿನ. ಮಿಡತೆ ಮನೆಗೆ ಹೋಗಿ, ಅಪ್ಪ ಅಮ್ಮನ ಊಟದ ಡಬ್ಬಿ ಒಂದು ಕೈಯಲ್ಲಿ, ಕೋಲು ಹೆಗಲ ಮೇಲೆ ಇಟ್ಟುಕೊಂಡು ಉಗ್ರಾಣಕ್ಕೆ ಬಂದಳು. ಕೋಲನ್ನು ಗೋಡೆಗೆ ಆನಿಸಿ, ಕೈಕಾಲು ತೊಳೆಯಲು ನೀರಿನ ತೊಟ್ಟಿಯ ಕಡೆ ಹೋದಳು. ಅಷ್ಟರಲ್ಲೇ ಮೇಲೆ ರಾಟೆಯ ಹಗ್ಗ ಗಾಲಿಯಿಂದ ಜಾರಿ ಪಕ್ಕಕ್ಕೆ ಸಿಕ್ಕಿಕೊಂಡಿತು. ತುಂಬಿದ ಬಕೆಟ್ ನಡುಗಾಳಿಯಲ್ಲಿ ತೂಗಾಡತೊಡಗಿತು.

"ಒಂದು ಉದ್ದ ಕೋಲು ಕೊಡ್ರೋ!" ಎಂದು ಕೂಗಿದ ಗಂಟಣ್ಣ. ಗಳಗಳೆಲ್ಲ ಸಾರುವೆಯಲ್ಲಿ ಕಟ್ಟಿಹೋಗಿದ್ದವು. ಕಣ್ಣೆದುರಿಗೆ ಮಗಳ ಕೋಲು ನಿಂತಿತ್ತು. ಉದ್ದವಿತ್ತು, ಹಗುರವಾಗಿತ್ತು. ಬಗ್ಗಿ ಎಳೆದುಕೊಂಡು, ಹಗ್ಗವನ್ನು ತಳ್ಳಿ ಗಾಲಿಗೆ ಕೂರಿಸಿದ. ಹಿಂದಕ್ಕೆ ತೆಗೆಯುವಾಗ ಕೋಲು ರಾಟೆಯ ಕಬ್ಬಿಣದ ಕೊಕ್ಕೆಗೆ ಉಜ್ಜಿತು. ಕರ್ ಎಂದಿತು.

ಇಳಿದು ಬಂದು ನೋಡಿದ. ಕೋಲಿನ ನಡುಭಾಗದಲ್ಲಿ ಉಗುರಿನಿಂದ ಚಿವುಟಿದಷ್ಟು ಒಂದು ಗೀರು.

"ಅಪ್ಪಾ!" ಮಗಳು ಹಿಂದೆಯೇ ನಿಂತಿದ್ದಳು. "ಅದರಲ್ಲಿ ಯಾಕಪ್ಪಾ ತಳ್ಳಿದೆ?"

"ಏನಾಗಿಲ್ಲ ಬಿಡೇ. ಗಾಯ ಅಂದ್ರೆ ಗಾಯಾನೂ ಅಲ್ಲ. ತಾಳು, ಇದಕ್ಕೂ ಮದ್ದು ಗೊತ್ತು ನನಗೆ."

ಸಣ್ಣ ಹುರಿಯನ್ನು ನೀರಲ್ಲಿ ಅದ್ದಿದ. ಗೀರಿನ ಮೇಲೆ ಸಾಲು ತಪ್ಪದ ಹಾಗೆ ಸುತ್ತಿದ, ಮೊಣಕಾಲು ಒತ್ತಿ ಬಿಗಿದ, ತುದಿಯನ್ನು ಒಳಗೆ ತೂರಿಸಿ ಮಾಯ ಮಾಡಿದ. ನೋಡಲು ಚಂದವಾಗಿಯೇ ಇತ್ತು. ಮಗಳು ಮಾತ್ರ ಬಾಡಿದ ಮುಖದಲ್ಲಿ ನಿಂತಿದ್ದಳು.

"ಟೀಚರಿಗೆ ತೋರಿಸ್ಬೇಕಪ್ಪಾ."

"ತೋರಿಸು. ಕಟ್ಟಿದ್ದು ಯಾರು ಅಂತಲೂ ಹೇಳು. ಬೇಡ, ನಡಿ, ನಾನೇ ಬರ್ತೀನಿ."

ಊಟದ ಡಬ್ಬಿ ಹಾಗೆಯೇ ಉಳಿಯಿತು. ಕೋಲನ್ನು ತಾನೇ ಹೆಗಲಿಗೇರಿಸಿಕೊಂಡು ಗಂಟಣ್ಣ ಮೈದಾನಕ್ಕೆ ಹೊರಟ. ಹೆಂಡತಿ ಕೈ ಒರೆಸಿಕೊಳ್ಳುತ್ತ ಹಿಂದೆ ಬಂದಳು. "ನಿಮ್ಮ ಗಂಟಿಗೆ ಊರೇ ಹೆದರುತ್ತೆ ಸರಿ. ಕೋಲೂ ಹೆದರುತ್ತಾ ನೋಡೋಣ," ಎಂದಳು.

ಮೈದಾನದಲ್ಲಿ ಡ್ರಿಲ್ ಟೀಚರ್ ಮತ್ತು ಅಂಚೆಯಕ್ಕ ಇಬ್ಬರೂ ಇದ್ದರು. ಅಂಚೆಯಕ್ಕನ ಸೈಕಲ್ ಬೇವಿನ ಮರಕ್ಕೆ ಒರಗಿತ್ತು. ಶನಿವಾರ ಹಂಚಿಕೆ ಮುಗಿಸಿ ಅವಳು ಇಲ್ಲಿಗೆ ಬರುವಳು. ಹಾರಿದವರು ಕೈಬಿಟ್ಟ ಕೋಲು ನೆಲಕ್ಕೆ ಬಡಿಯದ ಹಾಗೆ ಹಿಡಿದುಕೊಳ್ಳುವುದು ಅವಳ ಕೆಲಸ. ಟೀಚರ್ ಮೆತ್ತನೆಯ ಬಟ್ಟೆ ಹಿಡಿದು ಶಾಲೆಯ ಗಿಡ್ಡ ಕೋಲನ್ನು ಬುಡದಿಂದ ತುದಿಯವರೆಗೆ ಒರೆಸುತ್ತಿದ್ದರು. ಒರೆಸುವುದಕ್ಕಿಂತ ತಡವುತ್ತಿದ್ದರು ಎನ್ನಬೇಕು. ಅಭ್ಯಾಸಕ್ಕೆ ಮೊದಲು ದಿನವೂ ಹಾಗೆಯೇ. ಎಲ್ಲಾದರೂ ಬಟ್ಟೆಯ ನೂಲು ಸಿಕ್ಕಿಕೊಂಡರೆ ಅಲ್ಲಿ ಗೀರಿದೆ ಎಂದು ಅರ್ಥ.

ಮಿಡತೆಯ ಕೋಲಿಗೆ ಬಂದಾಗ ಬಟ್ಟೆ ನಡುವೆ ನಿಂತಿತು.

"ಇದೇನಿದು?"

"ಗಂಟಣ್ಣನ ಗಂಟು ಟೀಚರಮ್ಮಾ," ಎಂದ ಗಂಟಣ್ಣ ಎದೆ ಮುಂದೆ ಮಾಡಿ. "ಒಂದು ಚೂರು ತರಚಿತ್ತು. ಇನ್ನು ಯೋಚನೆ ಇಲ್ಲ. ಮೊದಲಿಗಿಂತ ಈಗಲೇ ಗಟ್ಟಿ."

ಟೀಚರ್ ಹುರಿ ಸುತ್ತಿದ ಜಾಗವನ್ನೇ ನೋಡಿದರು. ಆಮೇಲೆ ಮಿಡತೆಯ ಕಡೆ ತಿರುಗಿ, "ನೀನು ಇದರಲ್ಲಿ ಹಾರಿದೆಯಾ?" ಎಂದರು.

"ಇಲ್ಲ ಮಿಸ್. ಈಗಷ್ಟೇ ಆಗಿದ್ದು."

ಟೀಚರ್ ದೊಡ್ಡದಾಗಿ ಉಸಿರು ಬಿಟ್ಟರು. ಕೋಲನ್ನು ಮೆಲ್ಲಗೆ ಹುಲ್ಲಿನ ಮೇಲೆ ಮಲಗಿಸಿದರು. "ಇನ್ನು ಇದರಲ್ಲಿ ಯಾರೂ ಹಾರೋ ಹಾಗಿಲ್ಲ."

ಗಂಟಣ್ಣನಿಗೆ ಕೆನ್ನೆಗೆ ಹೊಡೆದಂತಾಯಿತು. "ಅಂದ್ರೆ? ಉಗುರು ಚಿವುಟಿದಷ್ಟು ಗೀರಿಗೆ ಇಡೀ ಕೋಲೇ ಬಿಸಾಕೋದಾ? ನಮ್ಮ ಸಾರುವೇಲಿ ಇದರಪ್ಪನಂಥ ಬಿರುಕು ಬಿಟ್ಟ ಗಳಗಳಿವೆ. ನನ್ನ ಗಂಟಿನ ಮೇಲೆ ಆಳುಗಳು ಓಡಾಡ್ತಾರೆ."

"ನಿಮ್ಮ ಗಂಟನ್ನ ನಾನು ಆಡಿಕೊಳ್ತಾ ಇಲ್ಲ ಗಂಟಣ್ಣಾ. ಒಂದು ಮಾತು ಹೇಳಿ. ನಿಮ್ಮ ಗಳದ ಕೆಲಸ ಏನು?"

"ಇನ್ನೇನು? ನಿಲ್ಲೋದು. ಅಲ್ಲಾಡದೆ ನಿಲ್ಲೋದು."

"ಈ ಕೋಲಿನ ಕೆಲಸ ಬಾಗೋದು. ನಿಮ್ಮ ಮಗಳ ಭಾರ ಎಲ್ಲ ಹೊತ್ತುಕೊಂಡು ಬಾಗೋದು. ಬಾಗುವಾಗ ಮೈಯೆಲ್ಲ ಒಂದೇ ಸಮ ಬಾಗಬೇಕು. ಗೀರು ಇರೋ ಕಡೆ ಅದು ಬಾಗಲ್ಲ, ಸೀಳುತ್ತೆ. ಬಿಗಿದು ಕಟ್ಟಿದರೂ ಒಳಗಿನ ಎಳೆ ಕೂಡಲ್ಲ."

"ಬಾಯಲ್ಲಿ ಯಾರು ಬೇಕಾದ್ರೂ ಹೇಳಬಹುದು," ಎಂದ ಗಂಟಣ್ಣ. ದನಿಯಲ್ಲಿ ಮೊದಲಿನ ಖುಷಿ ಇರಲಿಲ್ಲ. "ಕೂಟ ಹತ್ತಿರ ಬಂತು. ಈ ಕೋಲಿಲ್ಲದೆ ಅವಳು ಏನು ಮಾಡಬೇಕು? ಒಂದು ಸಲ ಹಾರಲಿ, ನೋಡೇಬಿಡೋಣ. ಒಂದೇ ಒಂದು ಸಲ."

"ಹಾರಲಾ ಮಿಸ್?" ಎಂದಳು ಮಿಡತೆ ಮೆಲ್ಲಗೆ. ಅಪ್ಪನ ಮುಖ ನೋಡಲಾಗದೆ ಕೇಳಿದಳೇ ಹೊರತು ಹಾರಲು ಅವಳಿಗೂ ಮನಸ್ಸಿರಲಿಲ್ಲ.

"ಅವಳು ಬೇಡ," ಎಂದರು ಟೀಚರ್. "ನಿಮ್ಮ ರಾಟೆಯ ಹಗ್ಗ ಬಾಗಿಸಲಿ. ಕೋಲನ್ನೇ ಕೇಳೋಣ." ಅಂಚೆಯಕ್ಕನ ಕಡೆ ನೋಡಿದರು. "ಕೋಲು ನಿನ್ನದು. ಏನಂತೀಯ?"

ಅಂಚೆಯಕ್ಕ ಬಗ್ಗಿ ಕೋಲನ್ನು ಒಮ್ಮೆ ತಡವಿದಳು. "ಹೇಗೂ ಇನ್ನು ಇದು ಬಳಸೋಕೆ ಬರಲ್ಲ. ಕೇಳಿ," ಎಂದಳು.

ಉಗ್ರಾಣದ ಹಿಂಬದಿಯಲ್ಲಿ ಕೋಲನ್ನು ನೆಲದ ಮೇಲೆ ಮಲಗಿಸಿ, ಒಂದು ತುದಿಯನ್ನು ಕಲ್ಲುಗಂಬಕ್ಕೆ ಆನಿಸಿದರು. ಬಿಲ್ಲಿಗೆ ಹೆದೆ ಏರಿಸುವ ಹಾಗೆ ತುದಿಯಿಂದ ತುದಿಗೆ ಹಗ್ಗ ಹಾಯಿಸಿ, ಹಗ್ಗದ ಬಾಲವನ್ನು ಗೋಡೆಯ ಆಚೆಗೆ ಒಯ್ದರು. ಟೀಚರ್ ಒಬ್ಬೊಬ್ಬರನ್ನೂ ಗೋಡೆಯ ಮರೆಗೆ ಕಳಿಸಿದರು. ಕದ್ದು ಇಣುಕಿದವರ ಕಿವಿ ಹಿಡಿದು ಎಳೆದರು. (ಓದುವವರೇ, ಇದನ್ನು ನೀವು ಮಾಡಿ ನೋಡಬೇಡಿ. ಇಲ್ಲಿ ಆದದ್ದನ್ನು ಓದಿದರೆ ಸಾಕು.) ದಪ್ಪ ಜಾಲರಿ ಬಡಿದ ಸಣ್ಣ ಕಿಟಕಿಯೊಂದಿತ್ತು. ಗಂಟಣ್ಣ ಅದರ ಹಿಂದೆ ನಿಂತ. ಆಳುಗಳು ಹಗ್ಗ ಎಳೆದರು.

ಕೋಲು ಬಾಗಿತು. ಇನ್ನೂ ಬಾಗಿತು. ಹುರಿ ಒಂದೆಳೆಯೂ ಸಡಿಲವಾಗಲಿಲ್ಲ.

"ನೋಡಿದ್ರಾ!" ಎಂದ ಗಂಟಣ್ಣ. "ಗಂಟು ಹೇಗೆ ಹಿಡ್ಕೊಂಡಿದೆ..."

ಮಾತು ಮುಗಿಯಲಿಲ್ಲ. ಸಿಡಿಲು ಬಡಿದ ಹಾಗೆ ಒಂದು ಸದ್ದು. ಕೋಲಿನ ಒಂದು ಚೂಪು ತುಂಡು ಹಾರಿ ಎದುರಿನ ತಗಡಿನ ಬಾಗಿಲಿಗೆ ಬಡಿಯಿತು. ತಗಡು ತೂತಾಗಿ, ತುಂಡು ಅಲ್ಲೇ ಸಿಕ್ಕಿಕೊಂಡು ನಡುಗುತ್ತ ನಿಂತಿತು.

ಟೀಚರ್ ಕೈ ಬೀಸಿದ ಮೇಲೆ ಗಂಟಣ್ಣ ಹೊರಗೆ ಹೋದ. ಕೋಲು ಮುರಿದದ್ದು ಗೀರಿದ್ದ ಜಾಗದಲ್ಲೇ, ಹುರಿಯ ಒಳಗೇ. ಎರಡು ಹೋಳುಗಳು ಇನ್ನೂ ಹುರಿಯಲ್ಲಿ ಒಂದಕ್ಕೊಂದು ಕೂಡಿಯೇ ಬಿದ್ದಿದ್ದವು. ಗಂಟು ಬಿಚ್ಚಿರಲಿಲ್ಲ. ಗಂಟು ತನ್ನ ಕೆಲಸವನ್ನು ಪೂರಾ ಮಾಡಿತ್ತು. ಅದರಿಂದ ಏನೂ ಉಪಯೋಗವಾಗಿರಲಿಲ್ಲ.

ಅವನು ತಗಡಿನ ತೂತು ನೋಡಿದ. ಆಮೇಲೆ ಮಗಳನ್ನು ನೋಡಿದ. ಆ ತೂತು ಅವಳ ಎದೆಯ ಮಟ್ಟಕ್ಕಿತ್ತು.

ಹೆಂಡತಿ ಏನೂ ಅನ್ನಲಿಲ್ಲ. ಸಣ್ಣ ಸಣ್ಣದಕ್ಕೂ ಚುಚ್ಚುವವಳು ಈಗ ಸುಮ್ಮನಿದ್ದದ್ದೇ ಅವನಿಗೆ ಹೆಚ್ಚು ಚುಚ್ಚಿತು. ಅವಳು ಹೋಗಿ ಮಗಳ ತಲೆಯನ್ನು ಒಮ್ಮೆ ಸವರಿದಳು, ಅಷ್ಟೆ.

ಗಂಟಣ್ಣ ಅಂಚೆಯಕ್ಕನ ಮುಂದೆ ಬಂದು ನಿಂತ. "ನಿನ್ನ ವಸ್ತು ಹಾಳು ಮಾಡಿದೆ ತಾಯಿ. ಇದು ನನ್ನ ತಲೆ ಮೇಲಿನ ಸಾಲ. ಹೇಗೆ ತೀರಿಸ್ಲಿ ಹೇಳು."

"ಅದಿರಲಿ ಚಿಕ್ಕಪ್ಪಾ," ಎಂದಳು ಅಂಚೆಯಕ್ಕ. ಕಣ್ಣು ತುಂಬಿತ್ತು, ಆದರೂ ನಕ್ಕಳು. "ಈಗ ಇವಳು ಯಾವುದರಲ್ಲಿ ಹಾರ್ತಾಳೆ, ಅದನ್ನ ನೋಡೋಣ."

ಉಳಿದದ್ದು ಶಾಲೆಯ ಗಿಡ್ಡ ಕೋಲು ಒಂದೇ. ಟೀಚರ್ ಅದನ್ನೂ ಹಾಗೆಯೇ ಕೊಡಲಿಲ್ಲ. ಮಿಡತೆಯನ್ನು ಉಗ್ರಾಣದೊಳಗೆ ಕರೆದೊಯ್ದು ಕಾಳು ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದರು.

"ಇದೇನು, ಕೋಲಿಗೂ ತೂಕ ನೋಡ್ತಾರಾ?" ಎಂದು ಕೇಳಿದ ಗಂಟಣ್ಣ. ಈ ಸಲ ಕೆಣಕಲಿಕ್ಕಲ್ಲ, ತಿಳಿಯಲಿಕ್ಕೆ.

"ನಿಮ್ಮ ಸಾರುವೆ ಹಲಗೆ ಮೇಲೆ ಎಷ್ಟು ಭಾರ ಇಡಬಹುದು ಅಂತ ನೀವು ಮೊದಲೇ ಹೇಳಲ್ವಾ? ಹಾಗೇನೇ. ಕೋಲಿನ ಮೇಲೆ ಇಲ್ಲಿ ಬರೆದಿರ್ತಾರೆ, ಎಷ್ಟು ಭಾರ ತಡೆಯುತ್ತೆ ಅಂತ. ಹಾರೋರ ತೂಕ ಅದನ್ನ ಮೀರಬಾರದು. ಮೀರಿದರೆ ಗೀರಿಲ್ಲದ ಕೋಲೂ ಮುರಿಯುತ್ತೆ."

ಮಿಡತೆಯ ತೂಕ ಒಳಗೇ ಇತ್ತು. ಆದರೆ ಗಿಡ್ಡ ಕೋಲು ಗಿಡ್ಡ ಕೋಲೇ. "ಇದರಲ್ಲಿ ನಾನು ಅಷ್ಟು ಎತ್ತರ ಹೋಗಲ್ಲ," ಎಂದು ಮಗಳು ಮನೆಗೆ ಬರುವ ದಾರಿಯಲ್ಲಿ ಹೇಳಿದಳು. ಆಮೇಲೆ ಅಪ್ಪನ ಜೊತೆ ಮಾತು ಬಿಟ್ಟಳು. ಊಟಕ್ಕೆ ಕರೆದರೆ ಬಂದಳು, ನೀರು ಕೇಳಿದರೆ ಕೊಟ್ಟಳು, ಮಾತು ಮಾತ್ರ ಇಲ್ಲ.

"ಹಾವೂ ಸಾಯಬೇಕು, ಕೋಲೂ ಮುರೀಬಾರದು ಅಂತಾರೆ," ಎಂದಳು ಹೆಂಡತಿ, ತಟ್ಟೆಗೆ ಬಡಿಸುತ್ತ. "ನೀವು ಹಾವೇ ಇಲ್ಲದ ಕಡೆ ಕೋಲು ಮುರಿದ್ರಿ."

ಗಂಟಣ್ಣನಿಗೆ ಎಷ್ಟೋ ಸಮಾಧಾನವಾಯಿತು. ಅವಳ ಬಾಯಿ ಮರಳಿ ಬಂದಿತ್ತು.

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅವನು ಮೈದಾನಕ್ಕೆ ಹೋದ. ಇಷ್ಟು ದಿನ ಮೇಲಿನಿಂದ ಮಗಳನ್ನು ನೋಡಿದ್ದ, ಅವಳು ಬೀಳುವ ಜಾಗವನ್ನು ನೋಡಿರಲಿಲ್ಲ. ಈಗ ಮಂಡಿಯೂರಿ ನೋಡಿದ. ಮೆತ್ತೆಯ ಎರಡು ತುಂಡುಗಳ ನಡುವೆ ಕಾಲು ತೂರುವಷ್ಟು ಸಂದು. ಅಡಿಯಲ್ಲಿ ತೇವ, ಗೆದ್ದಲು. ಅಡ್ಡಪಟ್ಟಿ ಹೊರುವ ಕಂಬಗಳ ಕಬ್ಬಿಣದ ಪಾದ ಬೆತ್ತಲೆ. ಕೋಲು ಊರುವ ಗುಂಡಿಯ ಅಂಚು ಚೂರಿಯ ಹಾಗೆ. ಇಂಥ ಸಾರುವೆಯನ್ನು ಅವನು ಕಟ್ಟಿದ್ದರೆ, ಅವನೇ ಯಾರನ್ನೂ ಹತ್ತಲು ಬಿಡುತ್ತಿರಲಿಲ್ಲ.

"ಟೀಚರಮ್ಮಾ," ಎಂದ ಶಾಲೆಯ ಬಾಗಿಲಲ್ಲಿ ನಿಂತು, "ನೀವು ಹೇಳಿ. ನೀವು ಹೇಳಿದ ಹಾಗೆ ಕಟ್ತೀನಿ. ಒಂದು ಗಂಟೂ ನನ್ನ ತಲೆಯಿಂದ ಹಾಕಲ್ಲ."

"ಇದನ್ನ ಸರಿಮಾಡಿಸಿ ಅಂತ ಮೇಲಿನವರಿಗೆ ಬರೆದು ಬರೆದು ನನಗೆ ಸಾಕಾಗಿತ್ತು ಗಂಟಣ್ಣಾ," ಎಂದರು ಟೀಚರ್. "ಬನ್ನಿ."

ದಿನವೂ ಕೆಲಸ ಬಿಟ್ಟ ಮೇಲೆ, ಬೆಳಕಿರುವಷ್ಟು ಹೊತ್ತು ಅಲ್ಲೇ. ಹಳೆಯ ಹಲಗೆಗಳನ್ನು ಸಂದುಬಿಟ್ಟು ಜೋಡಿಸಿ ಗಾಳಿಯಾಡುವ ಕಟ್ಟೆ ಮಾಡಿ, ಬಿಸಿಲಿಗೆ ಒಣಗಿಸಿದ ಮೆತ್ತೆಯನ್ನು ಅದರ ಮೇಲೆ ಕೂರಿಸಿದ. ಎರಡು ತುಂಡುಗಳನ್ನು ಒತ್ತಿ ಸೇರಿಸಿ ಅಡಿಯಿಂದ ಬಿಗಿದ. ಇಲ್ಲಿ ಅವನ ಗಂಟಿಗೆ ಕೆಲಸವಿತ್ತು, ಇಲ್ಲಿ ಯಾವುದೂ ಬಾಗಬೇಕಿರಲಿಲ್ಲ. ಮೇಲೆ ಒಂದೇ ಹೊದಿಕೆ. ಅದನ್ನು ಹೆಂಡತಿ ದಬ್ಬಳದಲ್ಲಿ ಹೊಲಿದಳು, ಹೊಲಿಯುತ್ತ ಗಂಡನನ್ನೂ ಮಾತಿನಲ್ಲಿ ನಾಲ್ಕು ಕಡೆ ಹೊಲಿದಳು. ಕಬ್ಬಿಣದ ಪಾದಗಳಿಗೂ ಗುಂಡಿಯ ಅಂಚಿಗೂ ದಪ್ಪ ಸ್ಪಂಜಿನ ಕವಚ ಬಂತು. ಶಾಲೆಯ ಜಗಲಿಯ ನೆರಳಿನಲ್ಲಿ ಕೋಲು ಮಲಗಲು ಉದ್ದನೆಯ ಗೂಡು ಕಟ್ಟಿದ. ಕೋಲು ತಾಗುವ ಕಡೆಯೆಲ್ಲ ಬಟ್ಟೆ ಸುತ್ತಿದ. "ಗೋಡೆಗೆ ಆನಿಸಬಾರದು, ಬಿಸಿಲಲ್ಲಿ ಬಿಡಬಾರದು, ಮೇಲೆ ಏನೂ ಹೇರಬಾರದು, ಮುಳ್ಳಿನ ಬೂಟು ಹತ್ತಿರ ಸುಳೀಬಾರದು," ಎಂದು ಟೀಚರ್ ಹೇಳಿದ್ದನ್ನು ಬಂದವರಿಗೆಲ್ಲ ತಾನೇ ಕಂಡುಹಿಡಿದವನ ಹಾಗೆ ಹೇಳತೊಡಗಿದ.

ಮುರಿದ ಕೋಲನ್ನು ಟೀಚರ್ ಎದುರಿನಲ್ಲೇ, ಕೈಗೆ ದಪ್ಪ ಗವಸು ತೊಟ್ಟು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಚೂರು ಚೂರು ಕೊಯ್ದ. ಆಸೆಗೆ ಬಿದ್ದು ಮತ್ತೆ ಯಾರೂ ಎತ್ತಿಕೊಳ್ಳಬಾರದಲ್ಲ. ಗಂಟು ಇದ್ದ ತುಂಡನ್ನು ಮಾತ್ರ ಗೂಡಿನ ಮೇಲೆ ನೇತುಹಾಕಿದ.

ಅದನ್ನು ನೋಡಿದ ದಿನ ಮಿಡತೆ ಮಾತು ಬಿಟ್ಟದ್ದನ್ನು ಬಿಟ್ಟಳು. "ಅದ್ಯಾಕಪ್ಪಾ ಅಲ್ಲಿ?"

"ನನ್ನ ಬುದ್ಧಿ ಅಲ್ಲಿರಲಿ ಅಂತ. ನೀನು ಕೋಲು ತೆಗೆಯೋಕೆ ಬಂದಾಗಲೆಲ್ಲ ಕಾಣ್ಲಿ."

ಗಿಡ್ಡ ಕೋಲಿನಲ್ಲಿ ಅಭ್ಯಾಸ ಮೊದಲಿನಿಂದ ಶುರುವಾಯಿತು. ಹಿಡಿತ ಕೆಳಗಿಳಿಯಿತು, ಹೆಜ್ಜೆ ಬದಲಾಯಿತು. ಟೀಚರ್ ಒಂದೇ ಮಾತನ್ನು ಹೇಳಿ ಹೇಳಿ ಹಾಡು ಮಾಡಿದ್ದರು: "ಓಟ ತಪ್ಪಿತು ಅನಿಸಿದರೆ ಹಾರಬೇಡ. ಕೋಲು ಬಿಡದೆ ಹಾಗೇ ಪಕ್ಕಕ್ಕೆ ಓಡಿ ನಿಲ್ಲು. ಸೋಲೋದು ಬೇರೆ, ಬೀಳೋದು ಬೇರೆ." ಟೀಚರ್ ಇಲ್ಲದ ಹೊತ್ತಿನಲ್ಲಿ ಕೋಲು ಮುಟ್ಟುವ ಹಾಗೇ ಇರಲಿಲ್ಲ. ಗೂಡಿನ ಬೀಗದ ಕೈ ಅವರ ಸೊಂಟದಲ್ಲೇ.

ಕೂಟದ ದಿನ ಬಂತು. ಉಗ್ರಾಣದ ಗಾರೆ ಮುಗಿದು ಸಾರುವೆ ಬಿಚ್ಚಿಯಾಗಿತ್ತು. ಮೈದಾನದ ಸುತ್ತ ಜನ ಕಿಕ್ಕಿರಿದಿದ್ದರು. ಬೇರೆ ಊರುಗಳ ಡ್ರಿಲ್ ಮಾಸ್ತರರು ಮೆತ್ತೆಯ ಅಡಿಗೆ ಬಗ್ಗಿ ಬಗ್ಗಿ ನೋಡಿದರು. "ಇದನ್ನ ಕಟ್ಟಿದ್ದು ಯಾರು?" ಎಂದು ಒಬ್ಬರು ಕೇಳಿದಾಗ ಗಂಟಣ್ಣ ಬಾಯಿ ತೆರೆದ, ಮತ್ತೆ ಮುಚ್ಚಿದ. "ಟೀಚರಮ್ಮ ಹೇಳಿದ್ದು," ಎಂದ. ಹೆಂಡತಿ ಬೆರಗಾಗಿ ಅವನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ," ಎಂದಳು.

ಪಟ್ಟಿ ಏರುತ್ತ ಹೋಯಿತು. ಹುಡುಗಿಯರು ಒಬ್ಬೊಬ್ಬರೇ ಸೋತು ಕೂತರು. ಕೊನೆಗೆ ಉಳಿದವರು ಇಬ್ಬರೇ, ಬೇರೆ ಊರಿನವಳೊಬ್ಬಳು ಮತ್ತು ಮಿಡತೆ.

ಮಿಡತೆ ಕೋಲು ಎತ್ತಿದಳು. ಓಡಿದಳು. ಗುಂಡಿಯ ಹತ್ತಿರ ಬರುವಾಗ ಹೆಜ್ಜೆ ಒಂದಿಷ್ಟು ಹೆಚ್ಚು ಚಾಚಿತು. ಬೇರೆ ಯಾರಿಗೂ ಕಾಣದಷ್ಟು. ಅವಳು ಊರಲಿಲ್ಲ. ಕೋಲನ್ನು ಎದೆಗೆ ಒತ್ತಿಕೊಂಡು ಮೆತ್ತೆಯ ಪಕ್ಕದಲ್ಲಿ ಓಡಿ ಹೋಗಿ ನಿಂತಳು.

"ಹೋ!" ಎಂದಿತು ಜನ. "ಹೆದರ್ಕೊಂಡ್ಲು! ಮನೆಯಂಗಳದಲ್ಲಿ ಹುಲಿ, ಕೂಟದಲ್ಲಿ ಇಲಿ!" ಯಾರೋ ಸಿಳ್ಳೆ ಹಾಕಿದರು.

ಆ ಗದ್ದಲದ ನಡುವೆ ಒಬ್ಬನ ಚಪ್ಪಾಳೆ ಕೇಳಿಸಿತು. ಹಗ್ಗ ಎಳೆದು ಎಳೆದು ಹಲಗೆಯಂತಾದ ಅಂಗೈಗಳು. ಗಂಟಣ್ಣ ಎದ್ದು ನಿಂತಿದ್ದ.

"ಭೇಷ್ ಮಗಳೇ!" ಎಂದು ಕೂಗಿದ. "ಬಿಟ್ಟಳು ನೋಡಿ! ತಪ್ಪಿದ ಓಟ ಬಿಟ್ಟಳು! ಅದಕ್ಕೂ ಎದೆ ಬೇಕು ಕಣ್ರೋ, ನನಗಿರಲಿಲ್ಲ ಅದು!"

ಸುತ್ತಲಿನವರಿಗೆ ಏನೂ ತಿಳಿಯಲಿಲ್ಲ. ತಿಳಿಯಬೇಕಾದವಳಿಗೆ ತಿಳಿಯಿತು. ಮಿಡತೆ ದೂರದಿಂದಲೇ ಅಪ್ಪನ ಕಡೆ ನೋಡಿ ನಕ್ಕಳು. ಟೀಚರ್ ಕೋಲನ್ನು ತೆಗೆದುಕೊಂಡು ಬಟ್ಟೆಯಿಂದ ತಡವಿ ಮರಳಿ ಕೊಟ್ಟರು. ಪ್ರತಿ ಎತ್ತರಕ್ಕೂ ಮೂರು ಅವಕಾಶ, ಅವಳಿಗೆ ಇನ್ನೂ ಉಳಿದಿತ್ತು.

ಎರಡನೆಯ ಸಲ ಹೆಜ್ಜೆ ಕೂಡಿಬಂತು. ಗಿಡ್ಡ ಕೋಲು ಬಾಗಿತು, ಮೈಯೆಲ್ಲ ಒಂದೇ ಸಮ ಬಾಗಿತು. ಗಂಟಣ್ಣನಿಗೆ ಇಂದು ಹತ್ತಿ ಕೂರಲು ಸಾರುವೆ ಇರಲಿಲ್ಲ. ನೆಲದ ಮೇಲೆ ನಿಂತು, ಕತ್ತು ಹಿಂದಕ್ಕೆ ಚೆಲ್ಲಿ, ಮೊದಲ ಬಾರಿಗೆ ಅವನು ತನ್ನ ಮಗಳನ್ನು ತಲೆ ಎತ್ತಿ ನೋಡಿದ. ಅವಳು ಪಟ್ಟಿಯ ಮೇಲೆ ಹಾದು ಹೋದಳು. ಪಟ್ಟಿ ಅಲುಗಲಿಲ್ಲ. ಮೆತ್ತೆ ಅವಳನ್ನು ಮಡಿಲಿಗೆ ಹಾಕಿಕೊಂಡಿತು. ಇತ್ತ ಅಂಚೆಯಕ್ಕ ಓಡಿಬಂದು, ಬೀಳುತ್ತಿದ್ದ ಕೋಲನ್ನು ನೆಲ ಮುಟ್ಟುವ ಮೊದಲೇ ಹಿಡಿದಳು.

ಅದರ ಮುಂದಿನ ಎತ್ತರ ಅವಳ ಕೈಗೆ ಸಿಗಲಿಲ್ಲ. ಮೊದಲ ಸ್ಥಾನ ಬೇರೆ ಊರಿಗೆ ಹೋಯಿತು, ಎರಡನೆಯದು ಮಿಡತೆಗೆ. ಉದ್ದ ಕೋಲಿನಲ್ಲಿ ಅಭ್ಯಾಸಕ್ಕೆ ಹಾರುತ್ತಿದ್ದುದಕ್ಕಿಂತ ಒಂದು ಗೇಣು ಕಡಿಮೆಯೇ. ಆದರೆ ಊರವರು ಅವಳನ್ನು ಹೆಗಲ ಮೇಲೆ ಹೊತ್ತು ತಂದರು. ಮೊದಲು ಹೆಗಲು ಕೊಟ್ಟವನು ಸಿಳ್ಳೆ ಹಾಕಿದವನೇ.

ಸಂಜೆ ಮೈದಾನ ಬರಿದಾದ ಮೇಲೆ ಮಿಡತೆ ಕೋಲನ್ನು ಒರೆಸಿದಳು, ಬುಡದ ರಬ್ಬರು ಸವೆದಿದೆಯೇ ಎಂದು ನೋಡಿದಳು, ಗೂಡಿನಲ್ಲಿ ಮಲಗಿಸಿದಳು. ಅಂಚೆಯಕ್ಕ ಸೈಕಲ್ ಹತ್ತುವವಳಿದ್ದಳು. ಗಂಟಣ್ಣ ಹ್ಯಾಂಡಲ್ ಹಿಡಿದು ನಿಲ್ಲಿಸಿದ.

"ಹೇಳಲೇ ಇಲ್ಲ ನೀನು. ನಿನ್ನ ಸಾಲ ಹೇಗೆ ತೀರಿಸ್ಲಿ? ಈ ಗೂಡು, ಮೆತ್ತೆ, ಇದರಲ್ಲಿ ತೀರಿತಾ?"

"ಎಲ್ಲಿ ತೀರುತ್ತೆ ಚಿಕ್ಕಪ್ಪಾ?" ಎಂದಳು ಅವಳು. "ಆ ಕೋಲು ನನಗೂ ಒಬ್ಬಳು ಅಕ್ಕ ಕೊಟ್ಟಿದ್ದು. ಒಂದು ಗೀರೂ ಇಲ್ಲದೆ ಕೊಟ್ಟಿದ್ದಳು. ನಾನೂ ಹಾಗೇ ಇವಳಿಗೆ ಕೊಟ್ಟೆ. ಇವಳು ಬೆಳೆದು, ಈ ಗಿಡ್ಡ ಕೋಲನ್ನ ಹೀಗೇ ಇನ್ನೊಬ್ಬಳ ಕೈಗೆ ಕೊಡಬೇಕು. ಆವತ್ತು ಬನ್ನಿ, ಲೆಕ್ಕ ಚುಕ್ತಾ ಮಾಡೋಣ."

"ಅಲ್ಲಿವರೆಗೆ?"

"ಅಲ್ಲಿವರೆಗೆ ನೀವು ಸಾಲಗಾರರೇ," ಎಂದು ನಗುತ್ತ ಪೆಡಲ್ ತುಳಿದಳು.

ಗಂಟಣ್ಣ ಇಂದಿಗೂ ಆ ಸಾಲ ಹೊತ್ತಿದ್ದಾನೆ. ಹೊತ್ತದ್ದಕ್ಕೆ ಅವನಿಗೆ 'ಅಯ್ಯೋ' ಅನಿಸುವುದಿಲ್ಲ. ಕೆಲಸಕ್ಕೆ ಹೋಗುವಾಗ ದಿನವೂ ಶಾಲೆಯ ಜಗಲಿಗೆ ಬಂದು, ಟೀಚರ್ ಗೂಡಿನ ಬೀಗ ತೆರೆದ ಮೇಲೆ, ಮೆತ್ತನೆಯ ಬಟ್ಟೆಯಿಂದ ಆ ಗಿಡ್ಡ ಕೋಲನ್ನು ಬುಡದಿಂದ ತುದಿಯವರೆಗೆ ಒಮ್ಮೆ ತಡವುತ್ತಾನೆ. ನೂಲು ಎಲ್ಲೂ ಸಿಕ್ಕದಿದ್ದರೆ ಅವನ ಮುಖ ನೋಡಬೇಕು.

ಇದನ್ನು ಓದಿದ, ಓದಿಸಿ ಕೇಳಿದ ಅಪ್ಪ ಅಮ್ಮಂದಿರೇ, ನಿಮ್ಮೂರ ಶಾಲೆಯಲ್ಲಿ ಕೋಲು ಹಿಡಿದು ಹಾರುವ ಮಕ್ಕಳಿದ್ದರೆ, ನೀವು ಹೆಮ್ಮೆಯಿಂದ ನೋಡುವುದು ಅವರು ಏರುವ ಎತ್ತರವೊಂದನ್ನೇ ಆಗದಿರಲಿ. ಒಮ್ಮೆ ಮೈದಾನಕ್ಕೆ ಹೋಗಿ, ಅವರು ಬೀಳುವ ಜಾಗವನ್ನು ಮಂಡಿಯೂರಿ ನೋಡಿ. ಮೆತ್ತೆಯಲ್ಲಿ ಸಂದಿದೆಯೇ, ಕಬ್ಬಿಣ ಬೆತ್ತಲೆಯಿದೆಯೇ, ಹಾರುವಾಗ ತಿಳಿದವರು ಪಕ್ಕದಲ್ಲಿರುತ್ತಾರೆಯೇ ಎಂದು ಕೇಳಿ. ಆ ಕೋಲಿನಲ್ಲಿ ಹಣ್ಣು ಉದುರಿಸಬೇಡಿ, ಬಟ್ಟೆ ಒಣಹಾಕಬೇಡಿ, ಹಗ್ಗ ತಳ್ಳಬೇಡಿ. ಅದು ಬರಿಯ ಕೋಲಲ್ಲ, ನಿಮ್ಮ ಮಗುವಿನ ಜೀವ ಅದರ ತುದಿಯಲ್ಲಿ ತೂಗುತ್ತದೆ. ಗೀರು ಕಂಡರೆ ಮುಚ್ಚಿಡಬೇಡಿ, ಕಟ್ಟಬೇಡಿ. ಆ ದಿನವೇ ಟೀಚರಿಗೆ ತೋರಿಸಿ. ಮಗು ಓಡಿ ಬಂದು ಹಾರದೆ ನಿಂತರೆ ನಗಬೇಡಿ. ಎದ್ದು ನಿಂತು ಚಪ್ಪಾಳೆ ತಟ್ಟಿ. ಅಂದು ಮನೆಗೆ ನಡೆದುಕೊಂಡು ಬಂದ ಮಗು ನಾಳೆ ಮತ್ತೆ ಹಾರುತ್ತದೆ.